ಅಟ್ಟ ಸೇರಿದ ಸಾಸಿವೆ ಡಬ್ಬಿ

ರಾತ್ರಿ ಹನ್ನೊಂದೂವರೆಗೆ ಫೋನು. "ಸಾರ್, ಡೇಟಾಬೇಸ್ ಮಲಗಿಬಿಟ್ಟಿದೆ." ನಾನೂ ಅದೇ ಪ್ರಯತ್ನದಲ್ಲಿದ್ದೆ.

ಕಾಲ್‌ಗೆ ಸೇರುವಷ್ಟರಲ್ಲಿ ಪಂಚಾಯ್ತಿ ನೆರೆದಿತ್ತು. ಡೆವಲಪರುಗಳು ನೆಟ್‌ವರ್ಕಿನವರನ್ನು, ನೆಟ್‌ವರ್ಕಿನವರು ಡೆವಲಪರುಗಳ ಕ್ವೆರಿಯನ್ನು ಬೈಯುತ್ತಿದ್ದರು. ಮ್ಯಾನೇಜರು ಮಾತ್ರ ಲೋಡ್ ಆವರೇಜ್ 40 ಎಂಬ ಅಂಕಿ ಹಿಡಿದು, "ಎಂಟೇ ಕೋರ್ ಇರೋದು, ಇನ್ನೆಂಟು ಕೊಡಿಸ್ತೀನಿ ಬಿಡಿ" ಎಂದು ಔದಾರ್ಯ ತೋರಿದರು. ನೋಡಿದರೆ ಸಿಪಿಯು ಮುಕ್ಕಾಲು ಪಾಲು ಕೈಕಟ್ಟಿ ಕೂತಿತ್ತು. ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ದುಡಿಯುವವರ ಜೊತೆ ಡಿಸ್ಕಿಗಾಗಿ ಕಾದು ನಿಂತವರ ತಲೆಯೂ ಸೇರುತ್ತದೆ. ಬಾಳೆಎಲೆಯೇ ಬಾರದ ಮದುವೆಮನೆಗೆ ಇನ್ನೆಂಟು ಅಡುಗೆಭಟ್ಟರನ್ನು ಕರೆಸಿ ಏನು ಮಾಡುವುದು?

ಹೊಸ ಹುಡುಗ ವಿಎಂಸ್ಟ್ಯಾಟ್ ಹೊಡೆದು, "ಎಲ್ಲ ಸರಿಯಾಗೇ ಇದೆ ಸಾರ್" ಎಂದ. ಅವನು ಓದಿದ್ದು ಮೊದಲ ಸಾಲು. ಅದು ಮೆಷಿನ್ ಆನ್ ಆದಂದಿನಿಂದ ಇಂದಿನವರೆಗಿನ ಸರಾಸರಿ. ಜ್ವರ ಬಂದವನ ಹಣೆ ಮುಟ್ಟದೆ ಜಾತಕ ಓದಿದ ಹಾಗೆ. "ಕೆಳಗಿನ ಸಾಲು ನೋಡಪ್ಪ" ಎಂದೆ. ಎಸ್‌ಐ, ಎಸ್‌ಒ ಎಂಬೆರಡು ಕಾಲಂಗಳು, ಸೊನ್ನೆಯಾಗಿ ತೆಪ್ಪಗಿರಬೇಕಾದವು, ಸಾವಿರಗಟ್ಟಲೆ ಕುಣಿಯುತ್ತಿದ್ದವು. ಸ್ವಾಪ್!

ಸ್ವಾಪ್ ಅಂದರೆ ಮೆಮೊರಿಯಲ್ಲಿ ಹಿಡಿಸದ್ದನ್ನು ಎತ್ತಿಡುವ ಡಿಸ್ಕಿನ ಮೂಲೆ, ನಮ್ಮನೆಯ ಅಟ್ಟದ ಹಾಗೆ. ಅಡುಗೆಮನೆಯಲ್ಲಿ ಜಾಗ ಸಾಲದೆ ಅಮ್ಮ ಹಬ್ಬದ ಪಾತ್ರೆಗಳನ್ನು ಮೇಲೆ ಹಾಕಿಸುತ್ತಿದ್ದಳು. ಅದು ಸರಿ. ಒಮ್ಮೆ ಅವುಗಳ ಜೊತೆ ಸಾಸಿವೆ ಡಬ್ಬಿಯೂ ಹೋಯಿತು. ಒಗ್ಗರಣೆಗೆ ನಾನು ಏಣಿ ಹತ್ತಬೇಕು. ಸಾಸಿವೆ ಇಳಿಸಲು ಜಾಗ ಬೇಕಲ್ಲ, ಜೀರಿಗೆ ಡಬ್ಬಿಯನ್ನು ಮೇಲಕ್ಕೆ ಒಯ್ಯಬೇಕು. ಇಳಿದು ಬರುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿರುತ್ತದೆ, ಅಮ್ಮ ಕೂಗುತ್ತಾಳೆ: "ಜೀರಿಗೆ ಎಲ್ಲೋ?"

64 ಜಿಬಿ ಮೆಷಿನ್ನಿನಲ್ಲಿ ಮೈಎಸ್‌ಕ್ಯೂಎಲ್‌ನ ಬಫರ್ ಪೂಲ್ ಒಂದೇ 60 ಜಿಬಿ ಕಬಳಿಸಿತ್ತು. ಉಳಿದ ನಾಲ್ಕರಲ್ಲಿ ನೂರಾರು ಕನೆಕ್ಷನ್ನು, ಬ್ಯಾಕಪ್ಪು, ಪಾಪ, ಆಪರೇಟಿಂಗ್ ಸಿಸ್ಟಮ್ಮೂ ಸಂಸಾರ ಮಾಡಬೇಕು. 48ಕ್ಕೆ ಇಳಿಸಿದೆ, 5.7ರ ಆವೃತ್ತಿಯಿಂದೀಚೆಗೆ ಇದಕ್ಕೆ ರೀಸ್ಟಾರ್ಟ್ ಬೇಕಿಲ್ಲ. ಅಟ್ಟ ಹತ್ತುವ ಚಪಲಕ್ಕೆ ಲಿನಕ್ಸ್‌ನಲ್ಲಿ ಸ್ವಾಪಿನೆಸ್ ಎಂದು ಹೆಸರು. ಅದನ್ನೂ 60ರಿಂದ 1ಕ್ಕೆ ತಂದೆ. ಒಂದು ಗಂಟೆ ಹೊತ್ತಿಗೆ ಸೊನ್ನೆಗಳು ಮರಳಿದವು.

"ಬಫರ್ ಪೂಲ್‌ಗೆ ಅರವತ್ತು ಕೊಟ್ಟ ಪುಣ್ಯಾತ್ಮ ಯಾರ್ರೀ?" ಎಂದರು ಮ್ಯಾನೇಜರು.

ಸಂಕ್ರಾಂತಿ ಹೊತ್ತಿಗೆ, "ಇಷ್ಟೊಂದು ಮೆಮೊರಿ ಫೈಲ್ ಕ್ಯಾಶ್‌ನಲ್ಲಿ ಸುಮ್ಮನೆ ಬಿದ್ದಿದೆಯಲ್ಲ" ಎಂದು ಮರುಗಿ ಕೊಟ್ಟವನು ನಾನೇ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ಮಣಿ ಪ್ರಯೋಗವನ್ನು ಯಾತಕ್ಕೆ ಕಲಿಸಿದರೆಂದು ಆಗ ಹೊಳೆಯಿತು. ವರದಿಯಲ್ಲಿ ಬರೆದೆ: "ಬಫರ್ ಪೂಲ್ ಹಿಂದೊಮ್ಮೆ ಹೆಚ್ಚಿಸಲ್ಪಟ್ಟಿತ್ತು."