ಶಾರ್ಕಿನ ಪಕ್ಷ ವಹಿಸಿದ ಓದುಗರು

ನರಭಕ್ಷಕ ಪ್ರಾಣಿಯೊಂದನ್ನು ನಡುವೆ ಬಿಟ್ಟು ಬರೆದ ಭಯಾನಕ ಥ್ರಿಲ್ಲರ್, ಎಂದರೆ ಓದುಗರನ್ನು ಹೆದರಿಸುವ ಕೆಲಸವನ್ನೂ ಪುಟ ಮಗುಚಿಸುವ ಕೆಲಸವನ್ನೂ ಒಟ್ಟಿಗೆ ವಹಿಸಿಕೊಂಡ ಕಾದಂಬರಿ, ಪಡೆಯುವ ಅಭಿಪ್ರಾಯಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ: ಓದುಗರು ಪ್ರಾಣಿಯನ್ನು ಎಷ್ಟು ಸಲೀಸಾಗಿ ಕ್ಷಮಿಸುತ್ತಾರೋ ಅದರ ಬಾಯಿಗೆ ಬಿದ್ದ ಮನುಷ್ಯರನ್ನು ಅಷ್ಟು ಸಲೀಸಾಗಿ ಕ್ಷಮಿಸುವುದಿಲ್ಲ.

1974ರಲ್ಲಿ ಪ್ರಕಟವಾದ ಪೀಟರ್ ಬೆಂಚ್ಲಿಯವರ ‘ಜಾಸ್’ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಲಾಂಗ್ ಐಲೆಂಡ್ ತೀರದಲ್ಲಿರುವ ಅಮಿಟಿ ಎಂಬ ಕಲ್ಪಿತ ಊರಿಗೆ ಸುಮಾರು 20 ಅಡಿ ಉದ್ದದ ಬಿಳಿ ಶಾರ್ಕ್, ಅಂದರೆ ನಮ್ಮ ಕರಾವಳಿಯವರು ತಾಟೆ ಎಂದು ಕರೆಯುವ ಮೀನಿನ ದೈತ್ಯ ಬಂಧು, ಬಂದೆರಗುವುದು ಇದರ ಕಥೆ. ಆರಂಭದಲ್ಲಿಯೇ ಇರುಳಿನಲ್ಲಿ ಈಜಲಿಳಿದ ಯುವತಿಯನ್ನು ಮುಗಿಸಿ ಓದುಗರ ನಿದ್ದೆ ಕೆಡಿಸುವ ಈ ಶಾರ್ಕ್, ಕಾದಂಬರಿಯ ನಡುಭಾಗದಲ್ಲಿ ಗಳಿಕೆ ರಜೆ ಹಾಕಿದ ಗುಮಾಸ್ತನಂತೆ ಕಾಣೆಯಾಗುತ್ತದೆ. ಆ ಅವಧಿಯಲ್ಲಿ ಪೊಲೀಸ್ ಮುಖ್ಯಸ್ಥ ಬ್ರೋಡಿಯ ಹೆಂಡತಿ ಮೀನು ತಜ್ಞ ಹೂಪರನೊಡನೆ ಊಟಕ್ಕೆ ಹೋಗಿ ಊಟಕ್ಕೇ ನಿಲ್ಲಿಸುವುದಿಲ್ಲ, ಊರಿನ ಮೇಯರು ಮಾಫಿಯಾದ ಸಾಲದಲ್ಲಿ ಮುಳುಗಿರುತ್ತಾನೆ. ಶಾರ್ಕಿಗಾಗಿ ಹಣ ಕೊಟ್ಟವರಿಗೆ ಸಂಸಾರ ತಾಪತ್ರಯವನ್ನು ಬಡಿಸಲಾಗಿದೆ ಎಂಬುದು ಅಂದಿನಿಂದ ಇಂದಿನವರೆಗೂ ಕೇಳಿಬರುವ ದೂರು. ಮದುವೆ ಮನೆಯಲ್ಲಿ ಹೋಳಿಗೆಗೆ ಕಾದವನ ಎಲೆಗೆ ಮತ್ತೆ ಮತ್ತೆ ಕೋಸಂಬರಿ ಬಿದ್ದಾಗ ಹುಟ್ಟುವ ಸಿಟ್ಟಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಅಸಮಾಧಾನದ ನಡುವೆಯೂ ಕೃತಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅತ್ಯಧಿಕ ಮಾರಾಟದ ಪಟ್ಟಿಯಲ್ಲಿ 44 ವಾರ ಉಳಿದದ್ದರಿಂದ, ಬೈಯುತ್ತಲೇ ಕೊನೆಯ ಪುಟ ಮುಟ್ಟುವುದನ್ನೂ ಓದಿನ ಒಂದು ಮಾನ್ಯ ಕ್ರಮವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇಂಥ ಓದುಗರಲ್ಲಿ ಅತ್ಯಂತ ಪ್ರಭಾವಶಾಲಿಯಾದವರು ಸ್ಟೀವನ್ ಸ್ಪೀಲ್‌ಬರ್ಗ್. ಮನುಷ್ಯ ಪಾತ್ರಗಳಲ್ಲಿ ಯಾವುದೂ ಹಿಡಿಸದೆ ಶಾರ್ಕೇ ಗೆಲ್ಲಲಿ ಎಂದು ಹಾರೈಸುತ್ತ ಓದಿದ್ದಾಗಿ ಹೇಳಿಕೊಂಡ ಅವರು, 1975ರ ಚಲನಚಿತ್ರದಲ್ಲಿ ಆ ಪ್ರಣಯವನ್ನೂ ಮಾಫಿಯಾವನ್ನೂ ತೆಗೆದುಹಾಕಿದರು. ಕಾದಂಬರಿಯಲ್ಲಿ ಗಾಯಗಳಿಂದ ಬಳಲಿ, ಬ್ರೋಡಿಯ ಹತ್ತಿರಕ್ಕೆ ಬಂದು, ಸದ್ದಿಲ್ಲದೆ ಸತ್ತು ಮುಳುಗುವ ಶಾರ್ಕು ಚಿತ್ರದಲ್ಲಿ ಬಾಯೊಳಗಿನ ಗಾಳಿಯ ಸಿಲಿಂಡರು ಸಿಡಿದು ಚೂರುಚೂರಾಗುತ್ತದೆ. ಇದು ನಂಬುವಂತಿಲ್ಲವೆಂದು ಲೇಖಕರು ಆಕ್ಷೇಪಿಸಿದರು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಇನ್ನು ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಈ ಮೀನಿನ ಕಥೆಯಲ್ಲಿ ಬಂಡವಾಳಶಾಹಿಯ ಕೊಳಕಿಗೆ ರೂಪಕವನ್ನು ಕಂಡರೆಂದು ಬೆಂಚ್ಲಿಯವರೇ ಹೇಳುತ್ತಿದ್ದರು. ರೂಪಕವೆಂದರೆ ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ಅಲಂಕಾರ; ಹಸಿದ ಮೀನಿಗೆ ಅದರ ಅರಿವಿದ್ದಂತೆ ತೋರುವುದಿಲ್ಲ.

ಪ್ರಾಣಿ ಸಾಕುಪ್ರಾಣಿಯಾದಾಗ ತೀರ್ಪು ಇನ್ನಷ್ಟು ಜಟಿಲವಾಗುತ್ತದೆ. ಸ್ಟೀಫನ್ ಕಿಂಗ್ ಅವರ ‘ಕೂಜೋ’ (1981) ಕಾದಂಬರಿಯಲ್ಲಿ ಮೊಲವನ್ನು ಅಟ್ಟಿಸಿಕೊಂಡು ಹೋದ ಸೇಂಟ್ ಬರ್ನಾರ್ಡ್ ತಳಿಯ ಸಾಧು ನಾಯಿಯೊಂದು ಬಾವಲಿಯಿಂದ ಕಚ್ಚಿಸಿಕೊಂಡು ರೇಬೀಸ್, ಎಂದರೆ ಹುಚ್ಚುನಾಯಿ ರೋಗ, ತಗುಲಿ ಜನರನ್ನು ಕೊಲ್ಲತೊಡಗುತ್ತದೆ. ಬಿಸಿಲಿಗೆ ಕಾದ ಕಾರಿನೊಳಗೆ ತಾಯಿಯೊಡನೆ ಸಿಕ್ಕಿಬಿದ್ದ ಎಳೆಯ ಮಗು ಕೊನೆಗೆ ಸಾಯುವುದನ್ನು ಅನೇಕ ಓದುಗರು ಲೇಖಕರಿಗೆ ಮನ್ನಿಸಲಿಲ್ಲ. 1983ರ ಚಲನಚಿತ್ರ ಮಗುವನ್ನು ಬದುಕಿಸಿತು. ನಾಯಿಯ ವಿಷಯದಲ್ಲಿ ಮಾತ್ರ ಓದುಗರಿಗೆ ತಕರಾರಿಲ್ಲ: ಅದಕ್ಕೆ ಯಾರಾದರೂ ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸಿದ್ದರೆ ಕಾದಂಬರಿಯೇ ಬೇಕಾಗಿರಲಿಲ್ಲವೆಂದು ಅವರು ನ್ಯಾಯವಾಗಿಯೇ ವಾದಿಸುತ್ತಾರೆ.

ಬೆಂಚ್ಲಿಯವರೂ ಕಡೆಗೆ ತಮ್ಮ ಓದುಗರ ಪಕ್ಷವನ್ನೇ ಸೇರಿದರು. ಶಾರ್ಕುಗಳು ಮನುಷ್ಯನನ್ನು ಹುಡುಕಿಕೊಂಡು ಬಂದು ಹಗೆ ತೀರಿಸುವ ಜೀವಿಗಳಲ್ಲವೆಂದು ತಿಳಿದ ಮೇಲೆ ಅಂಥ ಕೃತಿಯನ್ನು ಮತ್ತೆ ಬರೆಯಲಾರೆನೆಂದು ಸಾರಿ, 2006ರಲ್ಲಿ ತೀರಿಕೊಳ್ಳುವವರೆಗೂ ಅವುಗಳ ಉಳಿವಿಗಾಗಿ ಮಾತನಾಡಿದರು. 2015ರಲ್ಲಿ ಮಧ್ಯ ಅಮೆರಿಕದ ಬಳಿಯ ಪೆಸಿಫಿಕ್ ಸಾಗರದ ಆಳದಿಂದ ದೊರೆತ ಹೊಸ ಶಾರ್ಕ್ ಪ್ರಭೇದವೊಂದಕ್ಕೆ ವಿಜ್ಞಾನಿಗಳು ಅವರ ಹೆಸರನ್ನಿಟ್ಟರು. ಅದು ಕಪ್ಪಗಿದೆ, ಕತ್ತಲೆಯಲ್ಲಿ ತುಸು ಮಿನುಗುತ್ತದೆ, ಅರ್ಧ ಮೀಟರಿನಷ್ಟು ಉದ್ದವಿದೆ, ಮತ್ತು ಈಜುವವರ ಕಾಲು ಎಂದೂ ತಲುಪದಷ್ಟು ಆಳದಲ್ಲಿ ವಾಸಿಸುತ್ತದೆ.