ಮಂಗಂಗೆ ಮಾಡೆಲ್ಲು ಗೊತ್ತಾಗ್ತಿಲ್ಲೆ

ಕವಳ ಬಾಯಲ್ಲಿರುವಾಗ ಹೆಗಡೆಯವರು ಯಾವ ತೀರ್ಮಾನವನ್ನೂ ಹೇಳುವುದಿಲ್ಲ. ಹೇಳಲಿಕ್ಕೆ ಆಗುವುದೂ ಇಲ್ಲ. ಹೆಗಡೆಯವರೆಂದರೆ ಯಾವ ಹೆಗಡೆಯವರು ಎಂದು ಮಾತ್ರ ಕೇಳಬಾರದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಹೆಗಡೆ ಎನ್ನುವುದು ಗುರುತು ಹೇಳುವ ಮಾತಲ್ಲ, ಗುರುತು ಮರೆಸುವ ಉಪಾಯ.

ಈ ಹೆಗಡೆಯವರ ಜಗಲಿಯಲ್ಲಿ ಬೆಂಗಳೂರಿನಿಂದ ರಜೆಗೆ ಬಂದ ತಂಗಿಯ ಮಗ ಕೂತಿದ್ದಾನೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಪಿಸ್ತೂಲು. ವಿಷಯ ಹುಟ್ಟಿದ್ದು ಬೆಳಿಗ್ಗೆ ತೋಟದಲ್ಲಿ. ಮಂಗಗಳ ಹಿಂಡು ಎಳೆ ಅಡಿಕೆ ಕಿತ್ತು ಚೀಪಿ ಎಸೆದು ನೆಲ ಹಸಿರು ಮಾಡಿತ್ತು. ಮಾವನ ಬಳಿ ಇರುವುದು ಅಪ್ಪನ ಕಾಲದ ಕೇಪಿನ ಕೋವಿ. ಬಾಯಿಂದ ಮಸಿ ಸುರಿದು, ಕತ್ತ ತುರುಕಿ, ಗಜದಿಂದ ಗಿಡಿದು, ಚರೆ ಹಾಕಿ, ಮತ್ತೊಮ್ಮೆ ಗಿಡಿದು, ಕೊನೆಗೆ ಕೇಪು ಕೂರಿಸುವಷ್ಟರಲ್ಲಿ ಮಂಗ ಒಂದು ಬಾಳೆಗೊನೆ ಮುಗಿಸಿ ಕೈ ಒರೆಸಿಕೊಂಡಿರುತ್ತದೆ. ಮಳೆಗಾಲದಲ್ಲಂತೂ ಕೇಪು ಥಂಡಿ ಹಿಡಿದು ಕುದುರೆ ಬಡಿದರೂ ಟಕ್ ಎನ್ನುತ್ತದೆಯೇ ಹೊರತು ಢಂ ಎನ್ನುವುದಿಲ್ಲ. ಟಕ್ ಎಂಬ ಸದ್ದಿಗೆ ಹೆದರುವ ಮಂಗ ಈ ಸೀಮೆಯಲ್ಲಿ ಹುಟ್ಟಿಲ್ಲ.

“ಮಾವ, ಕಾಲ ಬದಲಾಜು. ಹೊಸ ಮಾಡೆಲ್ಲು ನೋಡು” ಎಂದ ಅಳಿಯ.

ಅವನು ತೋರಿಸಿದ್ದು ಕಾನ್ಪುರದ ‘ಪ್ರಬಲ್’. ಶಾಸ್ತ್ರಪ್ರಕಾರ ಅದು ಪಿಸ್ತೂಲಲ್ಲ, ರಿವಾಲ್ವರು. ಆದರೆ ಊರಿನಲ್ಲಿ ಒಂದೇ ಕೈಯಲ್ಲಿ ಹಿಡಿಯುವುದೆಲ್ಲ ಪಿಸ್ತೂಲೇ, ಎರಡು ಕೈ ಬೇಕಾದರೆ ಕೋವಿ. ಹಳೆಯ ಆರ್ಡ್‌ನನ್ಸ್ ಕಾರ್ಖಾನೆಗಳನ್ನು 2021ರ ಅಕ್ಟೋಬರಿನಲ್ಲಿ ಏಳು ಸರ್ಕಾರಿ ಕಂಪನಿಗಳಾಗಿ ಹಿಸೆ ಮಾಡಿದರಲ್ಲ, ಅದರಲ್ಲೊಂದು ಪಾಲಿನವರು 2023ರ ಆಗಸ್ಟಿನಲ್ಲಿ ಇದನ್ನು ಹೊರತಂದರು. ತೂಕ ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್, ಗುರಿ 50 ಮೀಟರ್. ಇದೇ ಜಾತಿಯ ಉಳಿದ ರಿವಾಲ್ವರುಗಳಿಗಿಂತ ಗುರಿ ಎರಡು ಪಟ್ಟು ಎಂಬ ವರ್ಣನೆ ಬೇರೆ. ಗುಂಡು ತುಂಬಲು ಮಧ್ಯಕ್ಕೆ ಮಡಚಬೇಕಾಗಿಲ್ಲ, ಗುಂಡಿನ ಉರುಳೆ ಪಕ್ಕಕ್ಕೆ ಹೊರಳಿ ಬರುತ್ತದೆ.

ಅದಕ್ಕೂ ಮೊದಲಿನದು ‘ನಿರ್ಭೀಕ್’. 2014ರಲ್ಲಿ ಬಂದದ್ದು, ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಹೆಂಗಸರಿಗಾಗಿ ಎಂದು ಪ್ರಚಾರ ಪಡೆದದ್ದು. ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. ಆಗಿನ ಬೆಲೆ 1,22,360 ರೂಪಾಯಿ. ಒಡವೆ ಇಡುವಂಥ ಮೆರೂನ್ ಬಣ್ಣದ ಡಬ್ಬಿಯಲ್ಲಿ ಇಟ್ಟು ಕೊಡುತ್ತಿದ್ದರು.

ಒಳಗೆ ದೋಸೆ ಎರೆಯುತ್ತಿದ್ದ ಅತ್ತೆಗೆ ಇಡೀ ವಿವರಣೆಯಲ್ಲಿ ಕೇಳಿಸಿದ್ದು ಕೊನೆಯ ಒಂದು ವಾಕ್ಯ.

ಹೆಗಡೆಯವರು ಲೆಕ್ಕದ ಮನುಷ್ಯ. ಈ ಭಾಗದಲ್ಲಿ ದುಡ್ಡನ್ನು ಅಳೆಯುವುದು ಕ್ವಿಂಟಲಿನಲ್ಲಿ. ರಾಶಿ ಅಡಿಕೆಗೆ ಕ್ವಿಂಟಲಿಗೆ 50,000 ಎಂದು ಹಿಡಿದರೆ ನಿರ್ಭೀಕ್ ಎಂಬುದು ಎರಡೂವರೆ ಕ್ವಿಂಟಲಿಗೆ ತುಸು ಕಡಿಮೆ. ಇನ್ನು ದೂರವನ್ನು ಅಳೆಯುವುದು ಮರದಲ್ಲಿ. ಒಂಬತ್ತು ಅಡಿಗೊಂದು ಅಡಿಕೆ ಮರ ನೆಡುವವರಿಗೆ 50 ಮೀಟರ್ ಎಂದರೆ ಹದಿನೆಂಟು ಮರದ ದೂರ. ಹದಿನೆಂಟನೇ ಮರದಲ್ಲಿ ಮಂಗ ಕೂತಿದೆ ಎಂದಿಟ್ಟುಕೊಂಡರೂ ನಡುವೆ ಹದಿನೇಳು ಮರಗಳು ನಿಂತಿರುತ್ತವೆ, ಅವುಗಳ ಸಂದಿನಲ್ಲಿ ಬಾಳೆ, ಮೈಮೇಲೆ ಕಾಳುಮೆಣಸಿನ ಬಳ್ಳಿ. ಹೆಚ್ಚಿನ ಗುರಿಗೆ ಕೊಟ್ಟ ಹೆಚ್ಚಿನ ದುಡ್ಡು ಸ್ವಂತ ಮರಕ್ಕೇ ತೂತು ಕೊರೆಯಲು ಎಂದಾಯಿತು. ಈ ಲೆಕ್ಕವನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಬೆರಳು ಮಡಚಿದ್ದನ್ನು ನೋಡಿ ಅಳಿಯನೇ ಅರ್ಥ ಮಾಡಿಕೊಂಡ.

ತಮಾಷೆಯೆಂದರೆ ಹೊಸ ಮಾಡೆಲ್ಲಿಗೆ ಹೆಚ್ಚು ದುಡ್ಡು ಕೊಡಬೇಕೋ ಬೇಡವೋ ಎಂಬ ಜಗಲಿ ಪ್ರಶ್ನೆಯನ್ನು ಭಾರತದ ಕಾನೂನೇ ತನ್ನೊಳಗೆ ಬರೆದಿಟ್ಟುಕೊಂಡಿದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಓದಿದರೆ, ಅದನ್ನು ಬರೆದವರ ಮನೆಯಲ್ಲೂ ಒಬ್ಬ ಹೆಗಡೆ ಇದ್ದಿರಬೇಕು ಎನಿಸುತ್ತದೆ. ಬೆಳೆ ಕಾಯುವುದಕ್ಕೆಂದು ಕೇಳುವ ರೈತನಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಅದಕ್ಕಿಂತ ಮೇಲಿನ ನಯ ನಳಿಗೆಯ ಬಂದೂಕು. ಆ ನಳಿಗೆ 20 ಇಂಚಿಗೆ ಕಡಿಮೆ ಇರಕೂಡದು. ಪ್ರಬಲ್‌ನ 76 ಮಿಲಿಮೀಟರ್ ಎಂದರೆ ಮೂರೇ ಇಂಚು. ಬೆಳೆ ಕಾಯುವ ದಾರಿಯಲ್ಲಿ ಪಿಸ್ತೂಲಿಗೆ ಪ್ರವೇಶವಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಕಾರಣ: ಜೀವಕ್ಕೆ ಬೆದರಿಕೆ ಇದೆ ಎಂದು ತೋರಿಸಬೇಕು.

“ಯಾರಿಂದ ಬೆದರಿಕೆ ಹೇಳಿ ಬರೀತೆ ಅಪ್ಪಿ?” ಅತ್ತೆ ಒಳಗಿನಿಂದಲೇ ಕೇಳಿದರು.

ಮಂಗದಿಂದ ಎಂದು ಬರೆದರೆ ನಗುವವರೇ ಹೆಚ್ಚು. ಆದರೆ ಸಿದ್ದಾಪುರದಲ್ಲಿ ಅದು ಪೂರ್ತಿ ನಗೆಯ ಮಾತಲ್ಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ 2024ರಲ್ಲೂ ಈ ತಾಲೂಕಿನಲ್ಲಿ ಜೀವ ತೆಗೆದಿದೆ. ಅಲ್ಲಿಯೂ ಕೋವಿ ಕೆಲಸಕ್ಕೆ ಬಾರದ ವಸ್ತು. ಕಾಯಿಲೆ ಹರಡುವುದು ಉಣುಗು. ಮಂಗ ಸತ್ತು ಬಿದ್ದರೆ ಅದರ ಮೈಯ ಉಣುಗುಗಳು ಇಳಿದು ಹೊಸ ಮೈ ಹುಡುಕುತ್ತವೆ. ಬದುಕಿರುವ ಮಂಗಕ್ಕಿಂತ ಸತ್ತ ಮಂಗಕ್ಕೇ ಜನ ಹೆಚ್ಚು ಹೆದರುವ ಊರು ಇದು. ಮೇಲಿಂದ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಹೀಗಾಗಿ ಮಲೆನಾಡಿನ ತೋಟದ ಕೋವಿಗೆ ಇರುವ ಉದ್ಯೋಗ ಒಂದೇ, ಸದ್ದು ಮಾಡುವುದು. ಗುರಿಯ ಮೇಲೆ ದುಡ್ಡು ಸುರಿಯುವವರು ಇದನ್ನು ಮೊದಲು ಕೇಳಬೇಕು.

ಹೊಸದು ಕೊಂಡರೂ ಅದು ಮನೆಯಲ್ಲಿ ಇರುವುದು ಎಷ್ಟು ದಿನ ಎಂಬುದು ಮತ್ತೊಂದು ಲೆಕ್ಕ. ಚುನಾವಣೆ ಬಂತೆಂದರೆ ಕೋವಿಗಳು ಠಾಣೆಗೆ ಹೋಗಿ ಕೂರುತ್ತವೆ. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ. ಎರಡೂ ಬೇಸಿಗೆಯಲ್ಲಿ ಮಂಗಗಳಿಗೆ ನೀತಿಸಂಹಿತೆ ಅನ್ವಯವಾಗಲಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿ ಇದೆ, ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದರು. ಘಟ್ಟದ ಮೇಲಿನ ಅಡಿಕೆಯವರಿಗೆ ಅದಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಇಂಗ್ಲಿಷರಿಗೆ ಹಲಗಲಿಯ ಬೇಡರು ತಿರುಗಿಬಿದ್ದರು, ಊರನ್ನೇ ಸುಡಿಸಿಕೊಂಡರು, ಲಾವಣಿಯಾದರು. ನಮ್ಮ ಹೆಗಡೆಯವರು ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋಗಿ, ಒಪ್ಪಿಸಿ, ರಸೀದಿ ಪಡೆದು, ಅದನ್ನು ಪಂಚಾಂಗದ ಒಳಗೆ ಇಟ್ಟರು. ಯಾರೂ ಲಾವಣಿ ಕಟ್ಟಲಿಲ್ಲ.

ಈ ತಾಲೂಕುಗಳಲ್ಲಿ ಹೊಸ ಮಾಡೆಲ್ಲಿನ ಆಸೆ ಇಲ್ಲವೆಂದು ಮಾತ್ರ ತಿಳಿಯಬಾರದು. ವಸ್ತುವಿನ ದರ್ಜೆ ಇವರಿಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಒಂದೇ ಮರದ ಕಾಯನ್ನು ಚಾಲಿ, ರಾಶಿ, ತಟ್ಟಿಬೆಟ್ಟೆ, ಬಿಳೇಗೋಟು, ಕೆಂಪುಗೋಟು ಎಂದು ವಿಂಗಡಿಸಿ ಒಂದೊಂದಕ್ಕೆ ಒಂದೊಂದು ದರ ಕೂಗಿಸುವ ಜನ. ಯಲ್ಲಾಪುರದವರು ಅದರ ಮೇಲೂ ‘ಅಪಿ’ ಎಂಬ ಇನ್ನೊಂದು ಮೆಟ್ಟಿಲು ಇಟ್ಟಿದ್ದಾರೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ಇದೇ ಮೂರು ತಾಲೂಕಿನ ಅಡಿಕೆಗೆ. ಹೆಚ್ಚು ಬೆಲೆಯ ವಸ್ತು ಏಕೆ ಹೆಚ್ಚು ಬೆಲೆಯದು ಎಂದು ಕಣ್ಣು ಮುಚ್ಚಿ, ಬೆರಳಲ್ಲಿ ಮುಟ್ಟಿ ಹೇಳಬಲ್ಲರು. ಆದ್ದರಿಂದಲೇ ಅವರನ್ನು ಒಪ್ಪಿಸುವುದು ಕಷ್ಟ.

ಮಂಗನ ವಿಷಯದಲ್ಲಿ ಎಲ್ಲ ಮಾಡೆಲ್ಲುಗಳ ಪ್ರಯೋಗವೂ ಆಗಿಹೋಗಿದೆ. ಕವಣೆ ಆಯಿತು. ಗರ್ನಾಲು ಆಯಿತು. ಗೋವಾದಿಂದ ಹುಲಿ ಬೊಂಬೆ ತರಿಸಿ ಮರಕ್ಕೆ ಕಟ್ಟಿದ್ದಾಯಿತು. ಬಿಸಿಲಿಗೆ ಬಣ್ಣ ಹೋದ ಹುಲಿ ಬೆಕ್ಕಿನ ಹಾಗೆ ಕಂಡಿತು. ತೀರ್ಥಹಳ್ಳಿ ತಾಲೂಕಿನ ನಾಲೂರಿನ ಕೃಷಿಕರೊಬ್ಬರು 2019ರಲ್ಲಿ ಅದನ್ನೂ ಮೀರಿಸಿದರು. ತಲೆಗೂದಲಿಗೆ ಹಚ್ಚುವ ಬಣ್ಣದಿಂದ ಮನೆಯ ನಾಯಿಯ ಮೈಮೇಲೆ ಹುಲಿಪಟ್ಟೆ ಬರೆದು ತೋಟದಲ್ಲಿ ತಿರುಗಿಸಿದರು. ಸುದ್ದಿ ದೇಶವೆಲ್ಲ ಓಡಿತು. ಬಾಲ ಅಲ್ಲಾಡಿಸುವ ಹುಲಿಯನ್ನು ಕಂಡ ಮಂಗಗಳೂ ಓಡಿದವಂತೆ. ಖರ್ಚಿನ ದೃಷ್ಟಿಯಿಂದ ಈವರೆಗಿನ ಅತ್ಯುತ್ತಮ ಸುಧಾರಿತ ಮಾಡೆಲ್ಲು ಇದೇ ಎಂದು ಈ ಬರಹಗಾರನ ಮತ. ಆಮೇಲೆ ಬಂದದ್ದು ಪೈಪಿನ ಕಾರ್ಬೈಡ್ ಗನ್ನು. ಅಗ್ಗ, ಸದ್ದು ಭಾರಿ, ಪರವಾನಗಿಯ ತಲೆನೋವಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದಾಗಲೇ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳು ಅದನ್ನು ಆಟಿಕೆ ಮಾಡಿಕೊಂಡು ಕಣ್ಣು ಸುಟ್ಟುಕೊಂಡರು. ಅಂಥ ಅಗ್ಗವನ್ನು ಹೆಗಡೆಯವರು ಅಟ್ಟದ ಮೇಲೂ ಇಡಿಸಲಿಲ್ಲ.

ಅಳಿಯ ಸೋಲುವವನಲ್ಲ. “ಹಂಗಾರೆ ಏರ್ ಪಿಸ್ತೂಲು ತಗಳನ” ಎಂದ. ಇದರಲ್ಲಿ ಸ್ವಲ್ಪ ನ್ಯಾಯವಿದೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದೊಡ್ಡ ಅಥವಾ 20 ಜೂಲ್‌ಗಿಂತ ಹೆಚ್ಚು ಬಲದ ಗಾಳಿಕೋವಿಗೆ ಮಾತ್ರ ಪರವಾನಗಿ ಬೇಕು. ಅದಕ್ಕಿಂತ ಕೆಳಗಿನದಕ್ಕೆ ಬೇಡ. ಮನು ಭಾಕರ್ 2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಕಂಚು ಗೆದ್ದದ್ದು ಇಂಥದೇ ಗಾಳಿ ಪಿಸ್ತೂಲಿನಲ್ಲಿ, ಹತ್ತು ಮೀಟರ್ ದೂರದಿಂದ, ಅಂದರೆ ನಾಲ್ಕು ಮರಕ್ಕೂ ಕಡಿಮೆ. ನಡುವಿನ ವೃತ್ತ 11.5 ಮಿಲಿಮೀಟರ್, ಒಳ್ಳೆಯ ಒಂದು ಗೋಟಡಿಕೆಗಿಂತ ಚಿಕ್ಕದು. ಅದೇ ಹುಡುಗಿಗೆ 2021ರ ಟೋಕಿಯೊದಲ್ಲಿ ಪಿಸ್ತೂಲೇ ಕೈಕೊಟ್ಟಿತ್ತು. ಜಗತ್ತಿನ ಉತ್ತಮ ಮಾಡೆಲ್ಲು, ಸ್ಪರ್ಧೆಯ ನಡುವೆ ಕೆಟ್ಟು ನಿಂತು, ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಎಷ್ಟೋ ಹೊತ್ತು ಕಳೆದುಹೋಗಿತ್ತು.

ಪಿಸ್ತೂಲಿನ ಹೆಸರು ಕೇಳಿ ಹೆಗಡೆಯವರ ಮುಖ ಅರಳಿದ್ದು ಆ ದಿನ ಒಂದೇ ಸಲ, ಗಾಳಿಯ ಮಾತು ಬಂದಾಗ. ಅವರು ಎದ್ದು ಹೋಗಿ ಮಾಡಿನ ಸಂದಿನಿಂದ ಒಂದು ಪೆಟ್ಲು ತಂದರು. ಗೇಣುದ್ದದ ಬಿದಿರಿನ ನಳಿಗೆ, ಅದಕ್ಕೆ ಸರಿಯಾಗಿ ಕೂರುವ ಒಂದು ಕಡ್ಡಿ. ಮುಂದಿನ ಬಾಯಿಗೆ ಒಂದು ಹಸಿ ಕಾಯಿ, ಹಿಂದಿನಿಂದ ಇನ್ನೊಂದು. ಕಡ್ಡಿ ನೂಕಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಟಪ್ಪೆಂದು ಹಾರುತ್ತದೆ. ಒಲಿಂಪಿಕ್ಕಿನ ಪಿಸ್ತೂಲಿನಲ್ಲೂ ನಡೆಯುವುದು ಇದೇ ಗಾಳಿ ಒತ್ತುವ ಕೆಲಸ. ಬೆಲೆಯ ವ್ಯತ್ಯಾಸ ಮಾತ್ರ ಲಕ್ಷಗಳಲ್ಲಿ.

ಹೆಗಡೆಯವರು ಪಿಸ್ತೂಲಿನ ವಿಷಯದಲ್ಲಿ ನಿಜವಾಗಿ ಜೇಬಿಗೆ ಕೈ ಹಾಕಿದ್ದು 2024ರ ಮಾರ್ಚಿನಲ್ಲಿ, ಶಿರಸಿಯ ಬಿಡಕಿ ಬೈಲಿನಲ್ಲಿ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೊಮ್ಮಗ ಆಟಿಕೆ ಅಂಗಡಿಯ ಮುಂದೆ ಬೇರು ಬಿಟ್ಟ. ಒಂದು ತಗಡಿನ ಪಿಸ್ತೂಲು, ಸುರುಳಿ ಕೇಪಿನದು. ಇನ್ನೊಂದು ಪ್ಲಾಸ್ಟಿಕ್ಕಿನದು, ಎಂಟು ಕೇಪಿನ ಉಂಗುರ ಕೂರಿಸುವ ಸುಧಾರಿತ ಮಾಡೆಲ್ಲು, ನೂರು ರೂಪಾಯಿ ಹೆಚ್ಚು. ಸುರುಳಿ ಮಧ್ಯೆ ಸಿಕ್ಕಿಕೊಳ್ಳುತ್ತದೆ, ಉಂಗುರ ಸಿಕ್ಕಿಕೊಳ್ಳುವುದಿಲ್ಲ ಎಂದ ಅಂಗಡಿಯವ. ಸಿಕ್ಕಿಕೊಂಡರೆ ಕೇಪು ಉಳಿಯಿತಲ್ಲ ಎಂದರು ಹೆಗಡೆಯವರು. ಅರ್ಧ ಗಂಟೆ ಚೌಕಾಶಿ ನಡೆಯಿತು. ಹಿಂದೆ ಜನ ನಿಂತು ಕೇಳಿದರು, ಒಬ್ಬರಿಬ್ಬರು ಸಲಹೆಯನ್ನೂ ಕೊಟ್ಟರು. ಕೊನೆಗೆ ಕೊಂಡದ್ದು ದುಬಾರಿಯದನ್ನೇ. ಮನೆಗೆ ಬಂದ ಮೊದಲ ದಿನ ಎಂಟು ಸದ್ದಿಗೆ ಮಂಗಗಳ ಹಿಂಡು ಹಳ್ಳ ದಾಟಿತು. ಎರಡನೇ ದಿನ ನಾಲ್ಕನೇ ಸದ್ದಿನವರೆಗೆ ಕಾದು ನೋಡಿತು. ವಾರದ ಕೊನೆಗೆ ಎಂಟೂ ಮುಗಿಯುವವರೆಗೆ ಕೊಂಬೆಯ ಮೇಲೆ ಕೂತಿದ್ದು, ಮಾಣಿ ಹೊಸ ಉಂಗುರ ತರಲು ಒಳಗೆ ಹೋದ ಹೊತ್ತಿಗೆ ಸರಿಯಾಗಿ ಕೆಳಗಿಳಿಯಿತು.

ಅತ್ತೆ ಆವತ್ತಿನಿಂದ ಹೇಳುವ ಮಾತು ಒಂದೇ: “ಮಂಗಂಗೆ ಮಾಡೆಲ್ಲು ಗೊತ್ತಾಗ್ತಿಲ್ಲೆ.” ಈ ಬರಹಗಾರನಿಗೆ ಇದರಲ್ಲಿ ಪೂರ್ತಿ ಒಪ್ಪಿಗೆಯಿಲ್ಲ. ಕೈಯಲ್ಲಿರುವುದು ಕೋಲೋ ಕೋವಿಯೋ ಎಂದು ಮಂಗ ದೂರದಿಂದಲೇ ಗುರುತಿಸುತ್ತದೆಂದು ಇಲ್ಲಿನವರು ಆಣೆಯಿಟ್ಟು ಹೇಳುತ್ತಾರೆ. ಮಾಡೆಲ್ಲು ಗೊತ್ತಾಗದಿರುವುದು ಮಂಗಕ್ಕಲ್ಲ, ಕೊಳ್ಳುವವರಿಗೆ.

ಇಷ್ಟರಲ್ಲಿ ಜಗಲಿಯ ಕವಳ ಮುಗಿಯಿತು. ಹೆಗಡೆಯವರು ಅಂಗಳದ ಅಂಚಿಗೆ ಹೋಗಿ ಉಗಿದರು, ಬಾಯಿ ಮುಕ್ಕಳಿಸಿದರು, ಪಂಚೆಯ ತುದಿಯಲ್ಲಿ ಮೀಸೆ ಒರೆಸಿಕೊಂಡರು, ಬಂದು ಕೂತರು. ಅಳಿಯ ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿದ. ಅವರು ಪ್ರಬಲ್ ನೋಡಿದರು. ಬೆರಳಿನಿಂದ ಸರಿಸಿ ನಿರ್ಭೀಕ್ ನೋಡಿದರು. ಮೆರೂನ್ ಬಣ್ಣವನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು.

“ಡಬ್ಬಿ ಚೊಲೋ ಇದ್ದು” ಎಂದರು.

“ಬರೀ ಡಬ್ಬಿ ಒಂದೇ ಕೊಡ್ತ್ವ ಕೇಳು” ಎಂದರು ಅತ್ತೆ, ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು.

ಅಳಿಯ ಮೊಬೈಲಿನಲ್ಲಿ ಹುಡುಕತೊಡಗಿದ. ತೋಟದ ಕಡೆಯಿಂದ ಬಾಳೆಗೊನೆಯೊಂದು ಧೊಪ್ಪನೆ ಬಿದ್ದ ಸದ್ದು ಕೇಳಿತು.