ಆರ್ಕಿಟೆಕ್ಟ್ ಮಹಾಶಯರು

ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಿಂದ ವೈಟ್‌ಫೀಲ್ಡಿನವರೆಗೆ ಯಾವ ಸಾಫ್ಟ್‌ವೇರ್ ಕಚೇರಿಯನ್ನು ಹೊಕ್ಕರೂ, ಬಿಳಿಯ ಬೋರ್ಡಿನ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಬರೆದುದನ್ನು ತಾವೇ ಮೆಚ್ಚಿಕೊಳ್ಳುತ್ತಿರುವ ಮಹನೀಯರೊಬ್ಬರು ಕಣ್ಣಿಗೆ ಬೀಳದಿರುವುದಿಲ್ಲ. ಅವರೇ ಆರ್ಕಿಟೆಕ್ಟ್ ಮಹಾಶಯರು. ಹೊಸ ಪ್ರಾಜೆಕ್ಟು ಬಂದೊಡನೆ ಅದಕ್ಕೆ ಯಾವ ಸ್ಟ್ಯಾಕ್, ಎಂದರೆ ಯಾವ ತಂತ್ರಾಂಶಗಳ ಜೋಡಣೆ, ಸಲ್ಲತಕ್ಕದ್ದೆಂದು ವಿಧಿಸುವ ಅಧಿಕಾರ ಅವರದು. ಪ್ರಾಜೆಕ್ಟಿನ ಉದ್ದೇಶವೇನೆಂಬ ಅಲ್ಪವಿಷಯವನ್ನು ವಿಚಾರಿಸುವುದು ಆಮೇಲೆ, ಅದೂ ಪುರಸೊತ್ತಾದರೆ.

ತಿಪಟೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ತಮ್ಮ ಕಿರ್ದಿ ಖಾತೆಗಳನ್ನು ಕಂಪ್ಯೂಟರಿಗೆ ಏರಿಸಿಕೊಡಿರೆಂದು ಬಂದರೆನ್ನಿ. ಯಾವ ರೈತನಿಂದ ಎಷ್ಟು ಚೀಲ ಬಂತು, ಧಾರಣೆಯೇನು, ಹಮಾಲಿಯನ್ನೂ ಮುಂಗಡವನ್ನೂ ಕಳೆದು ಕೊಡಬೇಕಾದುದೆಷ್ಟು ಎಂಬಿಷ್ಟೇ ಅವರಿಗೆ ಬೇಕಾದುದು. ಇದನ್ನು ಕೇಳುತ್ತಿದ್ದಂತೆಯೇ ಮಹಾಶಯರ ನೇತ್ರಗಳು ಅರ್ಧನಿಮೀಲಿತವಾಗುತ್ತವೆ; ಸತ್ಯನಾರಾಯಣ ಪೂಜೆಗೆ ಕರೆದ ಪುರೋಹಿತರು ಅಶ್ವಮೇಧದ ಸಂಭಾರಪಟ್ಟಿಯನ್ನು ಕೈಗಿತ್ತಂತೆ, ತೂಕಕ್ಕೊಂದು, ಧಾರಣೆಗೊಂದು, ಹಮಾಲಿಗೊಂದು ಮೈಕ್ರೊಸರ್ವಿಸ್ ಎಂಬ ಬಿಡಿ ತಂತ್ರಾಂಶ, ಅವು ತಮ್ಮತಮ್ಮಲ್ಲಿ ಸಂಭಾಷಿಸಲು ಕಾಫ್ಕಾ, ಸಮಸ್ತವನ್ನೂ ಪಾಲಿಸಲು ಕುಬರ್ನೆಟೀಸ್ ಎಂದು ಅಪ್ಪಣೆಯಾಗುತ್ತದೆ. ಕಾಫ್ಕಾ ಎಂಬುದು ಲಿಂಕ್ಡ್‌ಇನ್ ಸಂಸ್ಥೆಯವರು ತಮ್ಮಲ್ಲಿ ಎಡೆಬಿಡದೆ ಹರಿಯುವ ಅಗಾಧ ಸಂದೇಶರಾಶಿಯನ್ನು ನಿಭಾಯಿಸಲು ರಚಿಸಿಕೊಂಡು 2011ರಲ್ಲಿ ಲೋಕಕ್ಕೆ ಕೊಟ್ಟದ್ದು. ಕುಬರ್ನೆಟೀಸ್, ಸಹಸ್ರಾರು ಯಂತ್ರಗಳನ್ನು ಏಕಕಾಲದಲ್ಲಿ ದುಡಿಸಿ ಪಳಗಿದ ಗೂಗಲ್ 2014ರಲ್ಲಿ ಹೊರತಂದದ್ದು. ಅವರ ಸಂಕಟಗಳು ಈ ಮಂಡಿಗೆ ಇಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, "ನಾಳೆ ಸ್ಕೇಲ್ ಆದರೆ?" ಎಂಬ ಬ್ರಹ್ಮಾಸ್ತ್ರ ಹೊರಡುತ್ತದೆ. ತಿಪಟೂರು ತಾಲ್ಲೂಕಿನ ತೆಂಗುಗಳೆಲ್ಲ ಒಂದೇ ಇರುಳಿನಲ್ಲಿ ಸಾವಿರಪಟ್ಟು ಕಾಯಿ ಬಿಟ್ಟಾವೆಂದು ತೋಟಗಾರಿಕೆ ಇಲಾಖೆಯವರು ಕೂಡ ಇದುವರೆಗೆ ನಂಬಿದಂತಿಲ್ಲ.

"ಅಲ್ಲ ಸ್ವಾಮಿ, ಇಷ್ಟಕ್ಕೆಲ್ಲ ತಿಂಗಳ ಬಾಡಿಗೆ ಯಾರು ಕಟ್ಟೋದು?" ಎಂದು ಯಜಮಾನರು ಕೇಳುತ್ತಾರೆ. ಮೂಲೆಯಲ್ಲಿ ಕುಳಿತ ಕಿರಿಯ ಹುಡುಗಿ, "ಸಾರ್, ಜ್ಯಾಂಗೊ, ಪೋಸ್ಟ್‌ಗ್ರೆಸ್, ಒಂದು ಸಣ್ಣ ಸರ್ವರ್ ಸಾಕಲ್ವಾ?" ಎನ್ನುತ್ತಾಳೆ. ಅವಳ ಮಾತು ಸರಿ. 1986ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಯೋಜನೆಯ ಸಂತಾನವಾದ ಈ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಒಂದು ಖಾತೆಯಲ್ಲಿ ಹಣ ಕಳೆದು ಇನ್ನೊಂದರಲ್ಲಿ ಕೂಡಿಸುವಷ್ಟರಲ್ಲಿ ಕರೆಂಟು ಹೋದರೆ, ಕಳೆದುದನ್ನೂ ರದ್ದುಗೊಳಿಸಿ ಲೆಕ್ಕವನ್ನು ಮೊದಲಿನ ಸ್ಥಿತಿಗೆ ತಂದಿಡಬಲ್ಲದು. ವ್ಯವಹಾರವನ್ನು ಹತ್ತಾರು ತುಂಡುಮಾಡಿ ತುಂಡಿಗೊಂದು ಡೇಟಾಬೇಸ್ ಇಟ್ಟಮೇಲೆ ಈ ಸೌಕರ್ಯವನ್ನು ಬೆವರು ಸುರಿಸಿ ಮತ್ತೆ ಕಟ್ಟಿಕೊಳ್ಳಬೇಕು. ಆದರೆ ತಾವು ಹುಟ್ಟುವುದಕ್ಕೂ ಮುಂಚಿನಿಂದ ಸರಿಯಾಗಿ ನಡೆದುಕೊಂಡು ಬಂದ ಯಾವುದನ್ನೇ ಆಗಲಿ ಮಹಾಶಯರು ಸಂಶಯದಿಂದಲೇ ನೋಡುವರು.

ಇವರನ್ನು ಅವಿವೇಕಿಗಳೆಂದು ಬಗೆದರೆ ಮಾತ್ರ ಅನ್ಯಾಯವಾದೀತು. ಕಾಫ್ಕಾ ಬಲ್ಲವರು ಬೇಕಾಗಿದ್ದಾರೆಂದು ಜಾಹೀರಾತು ಬರುತ್ತದೆಯೇ ಹೊರತು, ಕೊಬ್ಬರಿಯ ಲೆಕ್ಕವನ್ನು ತಪ್ಪಿಲ್ಲದೆ ಒಪ್ಪಿಸಿದವರು ಬೇಕಾಗಿದ್ದಾರೆಂದು ಬರುವುದಿಲ್ಲ. ಸ್ಟ್ಯಾಕನ್ನು ಆರಿಸುವಾಗ ಅವರು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿರುವುದು ತಮ್ಮ ರೆಸ್ಯೂಮೆಯನ್ನು. ಅದು ಪರಿಪೂರ್ಣವಾಗುವುದಕ್ಕೂ ಪ್ರಾಜೆಕ್ಟು ಅರ್ಧಕ್ಕೆ ಬರುವುದಕ್ಕೂ ಸರಿಹೋಗುತ್ತದೆ. ಆದ್ದರಿಂದ ಮಂಡಿಯ ಯಜಮಾನರುಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂಗಡ ಕೊಡುವ ಮುನ್ನ, ಪ್ರಾಜೆಕ್ಟು ಮುಗಿಯುವತನಕ ಮಹಾಶಯರು ಅದೇ ಕಂಪನಿಯಲ್ಲಿರುವರೆಂದು ಅವರ ಕೈಯಲ್ಲೇ ಬರೆಸಿಕೊಳ್ಳಿ, ಬರೆದುಕೊಡಲು ಹಿಂಜರಿದರೆ ಆ ಹುಡುಗಿಯನ್ನು ಕರೆಯಿರಿ.